ಕೆನಡಿ ಹತ್ಯೆ: ಗುಂಡುಗಳ ನಡುವಿನ ಸೆಕೆಂಡುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಿ ಹತ್ಯೆಯ ಮಾತು ಎಲ್ಲಿ ಬಂದರೂ ಯಾರಾದರೊಬ್ಬರು ಮೇಜಿನ ಮೇಲೆ ಮೂರು ಸಲ ಕುಟ್ಟಿ, "ಇಷ್ಟೇ ಹೊತ್ತಿನಲ್ಲಿ ಮೂರು ಗುಂಡೇ?" ಎಂದು ಕೇಳುತ್ತಾರೆ. ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಹೊಡೆಸಿದವರು ಯಾರು ಎಂಬುದಕ್ಕೆ ಇಲ್ಲಿ ಕೈ ಹಾಕಿಲ್ಲ. ಗುಂಡು ಯಾವಾಗ ಹಾರಿತು ಎಂಬುದಷ್ಟೇ ಇಲ್ಲಿನ ವಿಷಯ.

## ಮೊದಲ ಪಾಠ

ಅಂದು ನಡೆದದ್ದೇನು? ಚುಟುಕಾಗಿ ಹೇಳಿ.

1963ರ ನವೆಂಬರ್ 22, ಶುಕ್ರವಾರ. ಮಧ್ಯಾಹ್ನ 12.30ಕ್ಕೆ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಜಾನ್ ಎಫ್. ಕೆನಡಿಯವರ ತೆರೆದ ಕಾರು ಹ್ಯೂಸ್ಟನ್ ಬೀದಿಯಿಂದ ಎಡಕ್ಕೆ ಹೊರಳಿ ಎಲ್ಮ್ ಬೀದಿಗೆ ಬಂತು. ಆ ತಿರುವಿನ ಮೂಲೆಯಲ್ಲಿ ಶಾಲಾ ಪಠ್ಯಪುಸ್ತಕಗಳ ಉಗ್ರಾಣವಿತ್ತು. ಕಾರು ಇಳಿಜಾರಿನಲ್ಲಿ ರೈಲ್ವೆ ಸೇತುವೆಯತ್ತ ಸಾಗುತ್ತಿದ್ದಾಗ ಗುಂಡುಗಳು ಹಾರಿದವು. ಕೆನಡಿಯವರಿಗೆ ಮೇಲ್ಬೆನ್ನಿಗೊಂದು, ತಲೆಗೊಂದು ಏಟು ಬಿತ್ತು. ಅವರ ಮುಂದೆ ಕುಳಿತಿದ್ದ ಗವರ್ನರ್ ಜಾನ್ ಕೊನಲಿಯವರ ಎದೆ, ಮಣಿಕಟ್ಟು, ತೊಡೆಗೆ ಗಾಯವಾಯಿತು.

ಉಗ್ರಾಣದ ಆರನೆಯ ಅಂತಸ್ತಿನ ಕಿಟಕಿಯ ಕೆಳಗೆ ಮೂರು ಖಾಲಿ ತೋಟಾಗಳು ಸಿಕ್ಕವು. ಅಮೆರಿಕದವರು ನೆಲಮಟ್ಟವನ್ನೇ ಒಂದು ಎಂದು ಎಣಿಸುವುದರಿಂದ ನಮ್ಮ ಲೆಕ್ಕಕ್ಕೆ ಅದು ಐದನೆಯ ಮಹಡಿ. ಅದೇ ಅಂತಸ್ತಿನಲ್ಲಿ ಇಟಲಿಯ 6.5 ಮಿಲಿಮೀಟರ್ ಮ್ಯಾನ್ಲಿಕರ್-ಕಾರ್ಕಾನೋ ರೈಫಲ್ಲೂ ಸಿಕ್ಕಿತು. ಹಾರಿದ್ದು ಮೂರು ಗುಂಡು, ಹಾರಿಸಿದ್ದು ಉಗ್ರಾಣದ ನೌಕರ ಲೀ ಹಾರ್ವೆ ಆಸ್ವಾಲ್ಡ್ ಒಬ್ಬನೇ ಎಂದು ಹತ್ಯೆಯ ತನಿಖೆಗೆ ಸರ್ಕಾರ ನೇಮಿಸಿದ್ದ ವಾರನ್ ಆಯೋಗ 1964ರಲ್ಲಿ ತೀರ್ಮಾನಿಸಿತು.

ಅರ್ಧ ಸೆಕೆಂಡು ಆಚೀಚೆಯಾದರೆ ಏನಾಯಿತು? ಅದಕ್ಕೆ ಇಷ್ಟು ದಶಕಗಳ ಜಗಳವೇ?

ಆ ರೈಫಲ್ ತನ್ನಷ್ಟಕ್ಕೇ ಗುಂಡು ತುಂಬಿಕೊಳ್ಳುವುದಿಲ್ಲ. ಪ್ರತಿ ಸಲವೂ ಬೋಲ್ಟಿನ ಹಿಡಿಯನ್ನು ಮೇಲೆತ್ತಬೇಕು, ಹಿಂದಕ್ಕೆ ಎಳೆದು ಖಾಲಿ ತೋಟಾ ಹೊರಗೆ ಚಿಮ್ಮಿಸಬೇಕು, ಮುಂದಕ್ಕೆ ನೂಕಿ ಹೊಸದನ್ನು ತುರುಕಬೇಕು, ಹಿಡಿಯನ್ನು ಕೆಳಗೊತ್ತಬೇಕು. ಆಮೇಲೆ ಮತ್ತೆ ಗುರಿ. ಇಷ್ಟಕ್ಕೂ ಕನಿಷ್ಠ 2.3 ಸೆಕೆಂಡು ಬೇಕೆಂದು ಎಫ್‌ಬಿಐ ಪರೀಕ್ಷೆ ಮಾಡಿ ಹೇಳಿತು.

ಎರಡು ಗುಂಡುಗಳ ನಡುವಿನ ಅಂತರ ಅದಕ್ಕಿಂತ ಕಡಿಮೆಯಾಗಿದ್ದರೆ ಅವು ಒಂದೇ ರೈಫಲ್ಲಿನಿಂದ ಬಂದಿರಲಾರವು. ಅಲ್ಲಿಗೆ ಎರಡನೆಯ ಹಂತಕ ಬಂದ, ಎರಡನೆಯ ಹಂತಕನ ಹಿಂದೆಯೇ ಸಂಚು ಬಂತು. ಸೆಕೆಂಡುಗಳನ್ನು ಎಣಿಸುತ್ತಿರುವವರು ಅಸಲಿಗೆ ಎಣಿಸುತ್ತಿರುವುದು ತಲೆಗಳನ್ನು.

ಗಡಿಯಾರ ಹಿಡಿದು ಅಲ್ಲಿ ಯಾರೂ ನಿಂತಿರಲಿಲ್ಲ. ಮತ್ತೆ ಸೆಕೆಂಡಿನ ದಶಮಾಂಶದ ಲೆಕ್ಕ ಎಲ್ಲಿಂದ ಬಂತು?

ಒಂದು ಮನೆಬಳಕೆಯ ಕ್ಯಾಮೆರಾದಿಂದ. ಏಬ್ರಹಾಂ ಜಪ್ರೂಡರ್ ಎಂಬ ಸಿದ್ಧ ಉಡುಪಿನ ವ್ಯಾಪಾರಿ ಅಂದು ಬೆಳಿಗ್ಗೆ ಕ್ಯಾಮೆರಾ ತರದೆಯೇ ಕಚೇರಿಗೆ ಬಂದಿದ್ದರು. ಒತ್ತಾಯಕ್ಕೆ ಕಟ್ಟುಬಿದ್ದು ಮನೆಗೆ ಹೋಗಿ ತಂದರು. ಬೀದಿಯ ಪಕ್ಕದ ಕಾಂಕ್ರೀಟ್ ಕಟ್ಟೆ ಹತ್ತಿ ನಿಂತಾಗ ತಲೆಸುತ್ತು ಬಂದೀತೆಂದು ಅವರ ಕಚೇರಿಯ ಮಹಿಳೆಯೊಬ್ಬರು ಹಿಂದಿನಿಂದ ಹಿಡಿದುಕೊಂಡಿದ್ದರು. ಹೀಗೆ ಸೆರೆಯಾದದ್ದು 8 ಮಿಲಿಮೀಟರ್ ಫಿಲ್ಮಿನ 486 ಫ್ರೇಮುಗಳು, ಸುಮಾರು 26 ಸೆಕೆಂಡು.

ಆಮೇಲೆ ಎಫ್‌ಬಿಐ ಅದೇ ಕ್ಯಾಮೆರಾದಿಂದ ಗಡಿಯಾರವೊಂದನ್ನು ಚಿತ್ರಿಸಿ ವೇಗ ಅಳೆಯಿತು. ಸೆಕೆಂಡಿಗೆ ಸರಾಸರಿ 18.3 ಫ್ರೇಮು. ಅಂದರೆ ಒಂದು ಫ್ರೇಮಿಗೆ ಸೆಕೆಂಡಿನ ಹದಿನೆಂಟನೆಯ ಒಂದು ಭಾಗ. ಕೆನಡಿಯವರ ಕಾರು ಗಂಟೆಗೆ ಸರಾಸರಿ 11.2 ಮೈಲಿ, ನಮ್ಮ ಅಳತೆಯಲ್ಲಿ 18 ಕಿಲೋಮೀಟರ್ ವೇಗದಲ್ಲಿತ್ತು. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಅದು ಒಂದಡಿಯಷ್ಟೂ ಮುಂದೆ ಹೋಗಿಲ್ಲ. ಇಷ್ಟು ನಯವಾದ ಅಳತೆಗೋಲು ಸಿಕ್ಕಿರುವುದರಿಂದಲೇ ಜಗಳವೂ ಇಷ್ಟು ನಯವಾಗಿದೆ.

ಆ ಚಿತ್ರದಲ್ಲಿ ಗುಂಡು ಹಾರಿದ್ದು ಕೇಳಿಸುತ್ತದೆಯೇ?

ಇಲ್ಲ, ಅದು ಮೂಕ ಚಿತ್ರ. ಟಿವಿಯಲ್ಲಿ ಸದ್ದು ಕೇಳಿದ್ದರೆ ಅದು ಯಾರೋ ಆಮೇಲೆ ಅಂಟಿಸಿದ್ದು, ಅಂಟಿಸಿದವರ ಅಭಿಪ್ರಾಯದಂತೆ ಅಂಟಿಸಿದ್ದು. ಆ ಚಿತ್ರದಲ್ಲಿ ಯಾವ ಅನುಮಾನವೂ ಇಲ್ಲದೆ ಕಾಣುವ ಗುಂಡಿನೇಟು ಒಂದೇ: 313ನೆಯ ಫ್ರೇಮಿನಲ್ಲಿ ತಲೆಗೆ ಬಿದ್ದದ್ದು. ಮಿಕ್ಕ ಎರಡನ್ನು ಮುಖ, ಕೈ, ಕೋಟು, ನೆರಳುಗಳಿಂದ ಊಹಿಸಬೇಕು. ಗಡಿಯಾರ ನಿಂತ ಕ್ಷಣ ಎಲ್ಲರಿಗೂ ಗೊತ್ತು, ಓಡಲು ಆರಂಭಿಸಿದ ಕ್ಷಣ ಗೊತ್ತಿಲ್ಲ. ಮುಂದಿನ ಪ್ರಶ್ನೆಗಳೆಲ್ಲ ಈ ಒಂದು ಕೊರತೆಯ ಮಕ್ಕಳು, ಮೊಮ್ಮಕ್ಕಳು.

## ಸ್ವಲ್ಪ ಲೆಕ್ಕ

"ಆರು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮೂರು ಗುಂಡು" ಎಂದು ಸರ್ಕಾರವೇ ಹೇಳಿತಲ್ಲ? ಅದು ಸಾಧ್ಯವೇ?

ಸರ್ಕಾರ ಹಾಗೆ ಹೇಳಿಲ್ಲ. ಈ ಒಂದು ತಪ್ಪನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ, ಆದರೂ ಇನ್ನೊಮ್ಮೆ ತಿದ್ದುತ್ತೇನೆ.

ವಾರನ್ ಆಯೋಗ 4.8ರಿಂದ 5.6 ಸೆಕೆಂಡು ಎಂದದ್ದು ಗುರಿ ಮುಟ್ಟಿದ ಎರಡು ಗುಂಡುಗಳ ನಡುವಿನ ಅಂತರಕ್ಕೆ. ಅದರ ಪ್ರಕಾರ ಬೆನ್ನಿನ ಏಟು (ಅದೇ ಗುಂಡು ಕೊನಲಿಯವರಿಗೂ ತಗುಲಿತು ಎಂಬುದು ಆಯೋಗದ ಮಾತು) 210 ಮತ್ತು 225ನೆಯ ಫ್ರೇಮುಗಳ ನಡುವೆ ಬಿತ್ತು, ತಲೆಯ ಏಟು 313ರಲ್ಲಿ. 313ರಿಂದ 210 ಕಳೆದರೆ 103 ಫ್ರೇಮು, 18.3ರಿಂದ ಭಾಗಿಸಿದರೆ 5.6. 225 ಕಳೆದರೆ 88 ಫ್ರೇಮು, 4.8 ಸೆಕೆಂಡು. ಮೂರನೆಯ ಗುಂಡು ಇವೆರಡರ ನಡುವೆ ಹಾರಿ ಗುರಿ ತಪ್ಪಿದ್ದರೆ ಮಾತ್ರ ಮೂರೂ ಇಷ್ಟೇ ಅವಧಿಯೊಳಗೆ ಬರುತ್ತವೆ. ತಪ್ಪಿದ್ದು ಮೊದಲನೆಯದೋ ಕೊನೆಯದೋ ಆಗಿದ್ದರೆ ಕನಿಷ್ಠ 2.3 ಸೆಕೆಂಡು ಸೇರಿಸಿ, 7.1ರಿಂದ 7.9 ಎಂದು ಓದಿಕೊಳ್ಳಿ ಎಂದು ವರದಿಯೇ ಹೇಳಿದೆ. ಆ ವಾಕ್ಯದವರೆಗೆ ಓದುವ ತಾಳ್ಮೆ ಹೆಚ್ಚಿನವರಿಗೆ ಇರಲಿಲ್ಲ.

ಇನ್ನೊಂದು ಎಡವಟ್ಟು ಎಣಿಕೆಯದು. "ಒಂದು ಗುಂಡಿಗೆ 2.3 ಸೆಕೆಂಡು, ಮೂರಕ್ಕೆ 6.9" ಎಂದು ಗುಣಿಸುವವರಿದ್ದಾರೆ. ಬೇಲಿಗೆ ಮೂರು ಕಂಬ ನೆಟ್ಟರೆ ನಡುವಿನ ಸಂದು ಎರಡೇ. ಮೊದಲ ಗುಂಡು ಹಾರಿದಾಗ ಗಡಿಯಾರ ಶುರುವಾಗುತ್ತದೆ. ಆಮೇಲೆ ಬೋಲ್ಟ್ ಎಳೆಯಬೇಕಾದದ್ದು ಎರಡು ಸಲ. ಆದ್ದರಿಂದ ಕನಿಷ್ಠ ಮಿತಿ 4.6 ಸೆಕೆಂಡು. ಆಯೋಗಕ್ಕಾಗಿ ಸೇನೆಯ ಮೂವರು ನುರಿತ ಗುರಿಕಾರರು ಅದೇ ರೈಫಲ್ ಹಿಡಿದು ನೋಡಿದಾಗ ಒಬ್ಬ 4.6 ಸೆಕೆಂಡಿನಲ್ಲಿ ಮುಗಿಸಿದ. ಉಳಿದಿಬ್ಬರಿಗೆ ಆರು ಸೆಕೆಂಡಿಗಿಂತ ಹೆಚ್ಚೇ ಹಿಡಿಯಿತು. ಗುರಿಹಲಗೆಗಳು ಅಲುಗಾಡುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. 1967ರಲ್ಲಿ ಸಿಬಿಎಸ್ ವಾಹಿನಿ ಗೋಪುರ ಕಟ್ಟಿಸಿ, ಚಲಿಸುವ ಗುರಿ ಇಟ್ಟು, 11 ಮಂದಿಯಿಂದ ಅದೇ ಮಾದರಿಯ ರೈಫಲ್ ಹಾರಿಸಿತು. ಬೋಲ್ಟ್ ಸಿಕ್ಕಿಕೊಂಡು ಕೆಟ್ಟ ಪ್ರಯತ್ನಗಳನ್ನು ಬಿಟ್ಟರೆ ಸರಾಸರಿ 5.6 ಸೆಕೆಂಡು ಬಂತು.

ಕಷ್ಟ ಎನ್ನಿ, ಒಪ್ಪುತ್ತೇನೆ. ಅಸಾಧ್ಯ ಎನ್ನಬೇಡಿ.

210 ಮತ್ತು 225 ಎಂಬ ಗಡಿಗಳನ್ನು ಎಲ್ಲಿಂದ ತಂದರು?

ಒಂದು ಮರ, ಒಂದು ಫಲಕ. ಕಿಟಕಿಯಿಂದ ನೋಡಿದರೆ 166ರಿಂದ 210ನೆಯ ಫ್ರೇಮಿನವರೆಗೆ ಓಕ್ ಮರದ ಎಲೆಗಳು ಕೆನಡಿಯವರನ್ನು ಮರೆಮಾಡಿದ್ದವು. ನಡುವೆ 186ರ ಹೊತ್ತಿಗೆ ಕಣ್ಣೆವೆ ಮಿಟುಕಿಸುವಷ್ಟು ಸಂದು. ಎಲೆಗಳ ನಡುವೆ ಯಾರೂ ಗುರಿ ಇಡುವುದಿಲ್ಲ ಎಂಬ ಊಹೆಯ ಮೇಲೆ 210 ಕೆಳಗಿನ ಗಡಿಯಾಯಿತು. ಇತ್ತ ಜಪ್ರೂಡರ್ ನಿಂತಿದ್ದ ಕಡೆಯಿಂದ ಕಾರು ಸುಮಾರು 205ರಿಂದ ರಸ್ತೆ ಫಲಕವೊಂದರ ಹಿಂದೆ ಸರಿಯಿತು. 225ರಲ್ಲಿ ಕೆನಡಿ ಮತ್ತೆ ಕಂಡಾಗ ಕೈಗಳು ಕುತ್ತಿಗೆಯತ್ತ ಏಳುತ್ತಿದ್ದವು. ಅಷ್ಟರಲ್ಲಿ ಏಟು ಬಿದ್ದಾಗಿತ್ತು.

ದುರದೃಷ್ಟವೆಂದರೆ ಇದೇ. ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಒಂದು ಸೆಕೆಂಡನ್ನು ವಾಹನ ಸವಾರರಿಗೆ ದಾರಿ ತೋರಿಸುವ ತಗಡು ನುಂಗಿತು.

ಎರಡೇ ಗುಂಡು ತಗುಲಿದ್ದರೆ ಮೂರನೆಯದು ಎಲ್ಲಿ ಹೋಯಿತು?

ಆಯೋಗ ಇದನ್ನು ತೀರ್ಮಾನಿಸದೆ ಬಿಟ್ಟಿತು. ಸೇತುವೆಯ ಬಳಿ ನಿಂತಿದ್ದ ಜೇಮ್ಸ್ ಟೇಗ್ ಎಂಬವರ ಕೆನ್ನೆಗೆ ಚೂರೊಂದು ತಾಗಿ ರಕ್ತ ಬಂದಿತ್ತು. ಅವರ ಹತ್ತಿರದ ರಸ್ತೆಯಂಚಿನ ಕಲ್ಲಿನ ಮೇಲಿದ್ದ ಗುರುತಿನಲ್ಲಿ ಸೀಸದ ಅಂಶ ಸಿಕ್ಕಿತು, ಗುಂಡಿನ ಕವಚದ ತಾಮ್ರ ಸಿಗಲಿಲ್ಲ. ಅದು ಗುರಿ ತಪ್ಪಿದ ಗುಂಡಿನ ತುಣುಕೋ ತಲೆಗೆ ಬಿದ್ದು ಸಿಡಿದದ್ದರ ತುಣುಕೋ ಎಂದು ಇಂದಿಗೂ ಎರಡು ಪಕ್ಷಗಳಿವೆ.

ಒಬ್ಬನೇ ಹಂತಕ ಎನ್ನುವವರಲ್ಲಿ ಈಗ ಹೆಚ್ಚು ಜನ ಒಪ್ಪುವುದು ಮೊದಲ ಗುಂಡೇ ತಪ್ಪಿತು ಎಂಬುದನ್ನು. ಅದೂ ಮರದ ಮರೆ ಬರುವ ಮೊದಲು, 150–160ನೆಯ ಫ್ರೇಮಿನ ಸುಮಾರಿಗೆ. ಇನ್ನೂ ಹಿಂದೆ ಹೋಗುವವರೂ ಇದ್ದಾರೆ. ಜಪ್ರೂಡರ್ ಮೊದಲು ಬೆಂಗಾವಲು ಮೋಟಾರ್‌ಸೈಕಲ್‌ಗಳನ್ನು ಚಿತ್ರಿಸಿ, ಕ್ಯಾಮೆರಾ ನಿಲ್ಲಿಸಿ, 133ನೆಯ ಫ್ರೇಮಿನಿಂದ ಮತ್ತೆ ಶುರುಮಾಡಿದರು. ಆ ಬಿಡುವಿನಲ್ಲೇ ಮೊದಲ ಗುಂಡು ಹಾರಿಹೋಯಿತು, ಸಿಗ್ನಲ್ ಕಂಬದ ಲೋಹಕ್ಕೆ ಬಡಿದು ದಿಕ್ಕು ತಪ್ಪಿತು ಎಂಬುದು ಅವರ ವಾದ. ಹಾಗಾದರೆ ಒಟ್ಟು ಹೊತ್ತು ಹತ್ತು ಸೆಕೆಂಡು ದಾಟುತ್ತದೆ. ಜಾಣ ವಾದ. ಆದರೆ ಚಿತ್ರದಲ್ಲಿ ಇಲ್ಲದ ಗುಂಡನ್ನು ಚಿತ್ರ ಇಲ್ಲದ ಜಾಗಕ್ಕೆ ಸಾಗಿಸುವುದು ತೀರಾ ಅನುಕೂಲದ ಕೆಲಸವೆಂದು ನನಗೆ ತೋರುತ್ತದೆ.

ಕೊನಲಿ ಕೊನೆಯವರೆಗೂ "ನನಗೆ ಬಿದ್ದದ್ದು ಬೇರೆ ಗುಂಡು" ಎನ್ನುತ್ತಿದ್ದರು. ಗಾಯಾಳುವಿನ ಮಾತಿಗೇ ಬೆಲೆ ಇಲ್ಲವೇ?

ಬೆಲೆ ಇದೆ, ಆದರೆ ಅವರು ಏನು ಹೇಳಿದರು ಎಂಬುದನ್ನು ಬಿಡಿಸಿ ನೋಡಬೇಕು. ಸದ್ದು ಕೇಳಿತು, ರೈಫಲ್ಲಿನದೆಂದು ಗೊತ್ತಾಯಿತು, ಬಲಕ್ಕೆ ತಿರುಗಿ ನೋಡಿದೆ, ಅಧ್ಯಕ್ಷರು ಕಾಣಲಿಲ್ಲ, ಎಡಕ್ಕೆ ತಿರುಗುತ್ತಿದ್ದಾಗ ಬೆನ್ನಿಗೆ ಗುದ್ದಿದಂತಾಯಿತು. ಇದು ಅವರ ಸಾಕ್ಷ್ಯದ ತಿರುಳು. ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುತ್ತದೆ, ಆದ್ದರಿಂದ ಸದ್ದು ಕೇಳಿದ ಗುಂಡೇ ನನಗೆ ತಗುಲಿರಲಾರದು ಎಂಬುದು ಅವರ ತರ್ಕ. ಸರಿಯಾದ ತರ್ಕ. ಆದರೆ ಆ ಮೊದಲ ಗುಂಡು ಕೆನಡಿಯವರಿಗೆ ತಗುಲಿತು ಎಂಬುದನ್ನು ಅವರು ಕಣ್ಣಾರೆ ಕಂಡವರಲ್ಲ. ಹಾಗೆ ಗಟ್ಟಿಯಾಗಿ ಹೇಳಿದವರು ಪಕ್ಕದಲ್ಲಿದ್ದ ಅವರ ಪತ್ನಿ ನೆಲ್ಲಿ.

ಈಗ ಮೊದಲ ಗುಂಡು 155ರ ಸುಮಾರಿಗೆ ಹಾರಿ ತಪ್ಪಿತು ಎಂದಿಟ್ಟುಕೊಳ್ಳಿ. 160ರ ದಶಕದ ಫ್ರೇಮುಗಳಲ್ಲಿ ಕೊನಲಿ ತಟ್ಟನೆ ಬಲಕ್ಕೆ ಕತ್ತು ಹೊರಳಿಸುವುದು ಕಾಣುತ್ತದೆ. ನಾನು ಆ ಏಳೆಂಟು ಫ್ರೇಮುಗಳನ್ನು ಒಂದೊಂದಾಗಿ ಹಿಂದೆ ಮುಂದೆ ಓಡಿಸಿ ನೋಡಿದ್ದೇನೆ. ಯಾರೋ ಹೆಸರು ಹಿಡಿದು ಕೂಗಿದಾಗ ತಿರುಗುವ ತಿರುವು ಅದು, ಜನರತ್ತ ಕೈಬೀಸುವ ರಾಜಕಾರಣಿಯ ತಿರುವಲ್ಲ. 224ನೆಯ ಫ್ರೇಮಿನಲ್ಲಿ ಅವರ ಕೋಟಿನ ಬಲಗಡೆಯ ಅಂಚು ಒಮ್ಮೆ ಮೇಲಕ್ಕೆ ಹಾರುತ್ತದೆ. ಗಾಳಿಯೆಂದು ಕೆಲವರು ಹೇಳುತ್ತಾರೆ, ಗುಂಡೆಂದು ಕೆಲವರು. ಗುಂಡಾಗಿದ್ದರೆ, ಕೊನಲಿ ಹೇಳಿದ ಕ್ರಮ ಅಕ್ಷರಶಃ ನಿಜ. ತಪ್ಪಿದ್ದು ಅವರ ಪತ್ನಿಯ ಎಣಿಕೆ ಮಾತ್ರ.

ಒಂದೇ ಗುಂಡು ಇಬ್ಬರನ್ನೂ ತೂರಿತು ಎಂಬ ಕಥೆ ಹುಟ್ಟಿದ್ದೇ ಗಡಿಯಾರದ ಒತ್ತಡಕ್ಕಲ್ಲವೇ?

ಹೌದು, ಹುಟ್ಟಿದ್ದು ಹಾಗೆಯೇ. ಕೆನಡಿಯವರಿಗೆ 210ಕ್ಕಿಂತ ಮೊದಲು ಏಟು ಬಿದ್ದಿಲ್ಲ, 240ರ ನಂತರ ಕೊನಲಿ ಕುಳಿತ ಭಂಗಿಗೆ ಅವರ ಗಾಯ ಹೊಂದುವುದಿಲ್ಲ ಎಂದು ಆಯೋಗದ ತಜ್ಞರು ಕಂಡುಕೊಂಡರು. ನಡುವೆ ಉಳಿದದ್ದು 30 ಫ್ರೇಮು, 1.6 ಸೆಕೆಂಡು. ಬೋಲ್ಟಿಗೇ 2.3 ಬೇಕು. ಒಂದೋ ಇಬ್ಬರು ಹಂತಕರು, ಇಲ್ಲವೇ ಇಬ್ಬರಿಗೂ ಒಂದೇ ಗುಂಡು. ಆಯೋಗದ ಕಿರಿಯ ವಕೀಲರಾಗಿದ್ದ, ಮುಂದೆ ಸೆನೆಟರ್ ಆದ ಆರ್ಲೆನ್ ಸ್ಪೆಕ್ಟರ್ ಎರಡನೆಯದನ್ನು ಕಟ್ಟಿ ನಿಲ್ಲಿಸಿದರು.

ಒತ್ತಡದಲ್ಲಿ ಹುಟ್ಟಿದ ಮಾತ್ರಕ್ಕೆ ವಾದ ಸುಳ್ಳಾಗುವುದಿಲ್ಲ. ಕೊನಲಿಯವರ ಆಸನ ಕೆನಡಿಯವರದಕ್ಕಿಂತ ತಗ್ಗಿನಲ್ಲಿ, ಸ್ವಲ್ಪ ಒಳಭಾಗದಲ್ಲಿತ್ತು. ಅದನ್ನು ಸರಿಯಾಗಿ ಬರೆದರೆ, ಈ ವಾದವನ್ನು ಹಂಗಿಸುವವರು ಹೇಳುವಂತೆ ಗುಂಡು ಗಾಳಿಯಲ್ಲಿ ಅಂಕುಡೊಂಕಾಗಿ ತಿರುಗಬೇಕಾಗಿಲ್ಲ.

## ಆಳಕ್ಕೆ ಇಳಿಯುವವರಿಗೆ

ಕಂಡವರೆಲ್ಲ "ಕೊನೆಯ ಎರಡು ಸದ್ದು ಒತ್ತೊತ್ತಾಗಿ ಬಂದವು" ಎಂದರಲ್ಲ. ಅದಕ್ಕೇನು ಹೇಳುತ್ತೀರಿ?

ಎಲ್ಲರೂ ಅಲ್ಲ, ಬಹಳ ಜನ. ಎಷ್ಟು ಗುಂಡು ಎಂಬುದರಲ್ಲಿ ಸಾಕ್ಷಿಗಳು ಅಚ್ಚರಿಯಷ್ಟು ಒಮ್ಮತದಲ್ಲಿದ್ದಾರೆ: ಸಂಸದೀಯ ಸಮಿತಿ ಆಮೇಲೆ ಪಟ್ಟಿ ಮಾಡಿದ 178 ಮಂದಿಯಲ್ಲಿ 132 ಜನ ಮೂರು ಎಂದರು. ಅಂತರದಲ್ಲಿ ಮಾತ್ರ ಮಾತು ಚದುರುತ್ತದೆ. ಹೆಚ್ಚಿನವರು ಮೊದಲನೆಯದಾದ ಮೇಲೆ ಬಿಡುವು, ಆಮೇಲೆ ಎರಡು ಬೇಗ ಬೇಗ ಎಂದರು. ಕೆಲವರು ಮೊದಲ ಎರಡನ್ನೇ ಹತ್ತಿರ ಎಂದರು.

ಇಲ್ಲಿ ಭೌತಶಾಸ್ತ್ರದ ಒಂದು ತೊಡಕಿದೆ. ಗುಂಡು ನಳಿಕೆಯಿಂದ ಹೊರಟಾಗ ಅದರ ವೇಗ ಸೆಕೆಂಡಿಗೆ ಸುಮಾರು 660 ಮೀಟರ್, ಶಬ್ದದ ವೇಗಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅದರ ದಾರಿಯ ಹತ್ತಿರ ನಿಂತವರಿಗೆ ಮೊದಲು ಗುಂಡು ಗಾಳಿ ಸೀಳುವ ಚಟ್ ಎಂಬ ಸದ್ದು, ಹಿಂದೆಯೇ ನಳಿಕೆಯ ಢಂ ಎಂಬ ಸದ್ದು. ಅದರ ಮೇಲೆ ಸುತ್ತಲಿನ ಎತ್ತರದ ಕಟ್ಟಡಗಳ ಪ್ರತಿಧ್ವನಿ. ಓಣಿಯಲ್ಲಿ ಒಂದು ಪಟಾಕಿ ಸಿಡಿದರೆ ಮನೆಯೊಳಗಿನವರು ಎರಡು ಎಂದು ಎಣಿಸುವುದಿಲ್ಲವೇ? ನನ್ನ ಮಟ್ಟಿಗೆ ಎಲ್ಲರಿಗಿಂತ ಒಳ್ಳೆಯ ಕಿವಿಗಳು ಹಂತಕನ ಕಿಟಕಿಯ ನೇರ ಕೆಳಗೆ, ಐದನೆಯ ಅಂತಸ್ತಿನಲ್ಲಿದ್ದ ಮೂವರು ಉಗ್ರಾಣ ನೌಕರರದು. ಅವರಲ್ಲಿ ಹೆರಾಲ್ಡ್ ನಾರ್ಮನ್ ಬೋಲ್ಟಿನ ಸದ್ದನ್ನೂ ಖಾಲಿ ತೋಟಾಗಳು ತಲೆಯ ಮೇಲಿನ ಹಲಗೆಗೆ ಬಿದ್ದದ್ದನ್ನೂ ಕೇಳಿದೆನೆಂದರು. ಮೂರು ಗುಂಡು, ಮೂರೂ ಮೇಲಿನಿಂದ.

ಕ್ಯಾಮೆರಾ ಅಲುಗಿದ್ದನ್ನು ನೋಡಿ ಗುಂಡಿನ ಸಮಯ ಹೇಳುತ್ತಾರಂತೆ. ಅದು ಹೇಗೆ?

ದೊಡ್ಡ ಸದ್ದಿಗೆ ಮೈ ತನಗೆ ತಾನೇ ಬೆಚ್ಚುತ್ತದೆ. ಕೈಯಲ್ಲಿ ಕ್ಯಾಮೆರಾ ಇದ್ದರೆ ಚಿತ್ರ ಮಸುಕಾಗುತ್ತದೆ. 1968ರ ಭೌತಶಾಸ್ತ್ರ ನೊಬೆಲ್ ಪಡೆದ ಲೂಯಿಸ್ ಆಲ್ವಾರೆಜ್ ಇದನ್ನು ಹಿಡಿದು ಮಸುಕಾದ ಫ್ರೇಮುಗಳ ಪಟ್ಟಿ ಮಾಡಿದರು. 313ರ ಏಟನ್ನು ಪರೀಕ್ಷೆಗೆ ಒಡ್ಡಿ ನೋಡಿ. ಕಿಟಕಿಯಿಂದ ಆಗ ಕಾರು 265 ಅಡಿ, 81 ಮೀಟರ್ ದೂರ. ಆ ದೂರಕ್ಕೆ ಗುಂಡಿಗೆ ಎರಡು ಫ್ರೇಮಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು, ಸದ್ದಿಗೆ ನಾಲ್ಕಕ್ಕಿಂತ ಹೆಚ್ಚು. ಅಂದರೆ ಕುದುರೆ ಒತ್ತಿದ್ದು 310–311ರಲ್ಲಿ, ಸದ್ದು ತಲುಪಿದ್ದು 315ರ ಸುಮಾರಿಗೆ. ಚಿತ್ರ ಬಲವಾಗಿ ಕದಲಿದ್ದು 318ರಲ್ಲಿ. ಚೆನ್ನಾಗಿ ಕೂಡಿಬರುತ್ತದೆ.

ತೊಂದರೆ ಏನೆಂದರೆ 190ರ ದಶಕದಲ್ಲಿ, 227ರಲ್ಲಿ, 290ರ ಸುಮಾರಿನಲ್ಲೂ ಕದಲಿಕೆಗಳಿವೆ. ಚಲಿಸುವ ಕಾರನ್ನು ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ಹಿಂಬಾಲಿಸುವವನ ಕೈ ಸದ್ದಿಲ್ಲದೆಯೂ ನಡುಗುತ್ತದೆ. ಬೇಕಾದ ನಡುಕವನ್ನು ಆರಿಸಿಕೊಂಡು ಬೇಡವಾದದ್ದನ್ನು ಬಿಡುವ ಅವಕಾಶ ಎಲ್ಲ ಪಕ್ಷಕ್ಕೂ ಇದೆ, ಎಲ್ಲರೂ ಬಳಸಿಕೊಂಡಿದ್ದಾರೆ.

ಪೊಲೀಸ್ ರೇಡಿಯೋದಲ್ಲಿ ನಾಲ್ಕು ಗುಂಡು ಕೇಳಿಸಿತು, ಸಂಸತ್ತೇ ಒಪ್ಪಿತು ಎಂದು ಓದಿದ್ದೇನೆ. ಆಮೇಲೆ ಏನಾಯಿತು?

ಇದು ಇಡೀ ಪ್ರಕರಣದ ಅತಿ ರೋಚಕ ಅಧ್ಯಾಯ. ಡಲ್ಲಾಸ್ ಪೊಲೀಸರ ಮೋಟಾರ್‌ಸೈಕಲ್ ಒಂದರ ಮೈಕು ಆನ್ ಆಗಿಯೇ ಸಿಕ್ಕಿಕೊಂಡು, ಅದರ ಗದ್ದಲ ಐದಾರು ನಿಮಿಷ ಠಾಣೆಯ ಧ್ವನಿಮುದ್ರಣ ಯಂತ್ರದಲ್ಲಿ ದಾಖಲಾಗಿತ್ತು. ಮೇಲೆ ಹೇಳಿದ ಸಂಸದೀಯ ಸಮಿತಿ, ಅಂದರೆ ಪ್ರತಿನಿಧಿ ಸಭೆಯ ವಿಶೇಷ ಸಮಿತಿ, 1978ರ ಆಗಸ್ಟಿನಲ್ಲಿ ಹತ್ಯೆ ನಡೆದ ಡೀಲಿ ಪ್ಲಾಜಾದಲ್ಲೇ ನಿಜವಾದ ಗುಂಡು ಹಾರಿಸಿ, ಬೀದಿಯುದ್ದಕ್ಕೂ ಮೈಕುಗಳನ್ನಿಟ್ಟು ಪ್ರತಿಧ್ವನಿಯ ಮಾದರಿಗಳನ್ನು ಸಂಗ್ರಹಿಸಿತು. ಹೋಲಿಸಿ ನೋಡಿದ ತಜ್ಞರು ನಾಲ್ಕು ಗುಂಡು ಗುರುತಿಸಿದರು: ಮೊದಲನೆಯದರಿಂದ ಎಣಿಸಿದರೆ 1.66, 7.56, 8.31 ಸೆಕೆಂಡಿಗೆ ಮಿಕ್ಕ ಮೂರು. ಅವುಗಳಲ್ಲಿ ಮೂರನೆಯದು ಕಾರಿನ ಬಲಮುಂಭಾಗದಲ್ಲಿದ್ದ ಹುಲ್ಲುದಿಬ್ಬದಿಂದ ಬಂದದ್ದು, ಸಂಭವ ಶೇ. 95 ಎಂದರು. ಮೂರು, ನಾಲ್ಕರ ನಡುವೆ ಮುಕ್ಕಾಲು ಸೆಕೆಂಡು. ಅಲ್ಲಿಗೆ ಇಬ್ಬರು ಹಂತಕರು. "ಬಹುಶಃ ಸಂಚು" ಎಂದು ಸಮಿತಿ 1979ರಲ್ಲಿ ವರದಿ ಕೊಟ್ಟಿತು.

ಇದನ್ನು ಕೆಡವಿದವರು ವಿಜ್ಞಾನಿಯಲ್ಲ, ಒಹಾಯೋದ ಒಬ್ಬ ಡ್ರಮ್ ವಾದಕ. ಸ್ಟೀವ್ ಬಾರ್ಬರ್ ಎಂಬ ಆತ ಪತ್ರಿಕೆಯೊಂದರ ಜೊತೆ ಬಂದಿದ್ದ ತೆಳು ಪ್ಲಾಸ್ಟಿಕ್ ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಹಾಕಿ ಕೇಳಿದ. "ಗುಂಡು"ಗಳಿವೆ ಎನ್ನಲಾದ ಜಾಗದಲ್ಲೇ ಕ್ಷೀಣವಾದ ಮನುಷ್ಯ ಧ್ವನಿಯೊಂದು ಅವನಿಗೆ ಸಿಕ್ಕಿತು: ಎಲ್ಲವನ್ನೂ ಭದ್ರವಾಗಿ ಹಿಡಿದಿಡಿ ಎಂದು ಷೆರಿಫ್ ಬಿಲ್ ಡೆಕರ್ ಇನ್ನೊಂದು ವಾಹಿನಿಯಲ್ಲಿ ಕೊಡುತ್ತಿದ್ದ ಆದೇಶ. ಡೆಕರ್ ಅದನ್ನು ಹೇಳಿದ್ದು ಹತ್ಯೆ ನಡೆದು ಸುಮಾರು ಒಂದು ನಿಮಿಷವಾದ ಮೇಲೆ. ಹಾಗಾದರೆ ಆ ಸದ್ದುಗಳು ಗುಂಡಿನವಾಗಿರಲು ಸಾಧ್ಯವಿಲ್ಲ. ಭೌತವಿಜ್ಞಾನಿ ನಾರ್ಮನ್ ರಾಮ್ಸೆ ನೇತೃತ್ವದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಂಡ 1982ರಲ್ಲಿ ಇದನ್ನೇ ಎತ್ತಿಹಿಡಿಯಿತು. 2001ರಲ್ಲಿ ಒಂದು ಪ್ರಬಂಧ ಹಳೆಯ ತೀರ್ಮಾನವನ್ನು ಬದುಕಿಸಲು ನೋಡಿತು, 2005ರಲ್ಲಿ ಅದಕ್ಕೆ ಪ್ರತ್ಯುತ್ತರ ಬಂತು. ನಾನು ಡ್ರಮ್ ವಾದಕನ ಪಕ್ಷ.

ಚಿತ್ರವನ್ನೇ ತಿದ್ದಿದ್ದರೆ ಈ ಲೆಕ್ಕವೆಲ್ಲ ನೀರ ಮೇಲಿನ ಬರಹವಲ್ಲವೇ?

ತಿದ್ದಿದ್ದಾರೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಅನುಮಾನಕ್ಕೆ ಗೊಬ್ಬರ ಹಾಕಿದ್ದು ಎರಡು ಅಜಾಗರೂಕತೆಗಳು. ಹಕ್ಕು ಕೊಂಡಿದ್ದ ಲೈಫ್ ಪತ್ರಿಕೆಯಲ್ಲಿ ಮೂಲ ಫಿಲ್ಮ್ ಹರಿದು 208ರಿಂದ 211ರವರೆಗಿನ ಫ್ರೇಮುಗಳು ಹೋದವು. ಪ್ರತಿಗಳಲ್ಲಿ ಅವು ಉಳಿದಿವೆ. ಆಯೋಗದ ಸಂಪುಟದಲ್ಲಿ 314 ಮತ್ತು 315 ಅದಲುಬದಲಾಗಿ ಅಚ್ಚಾದವು, ಅದೂ ತಲೆ ಯಾವ ಕಡೆ ಚಲಿಸಿತು ಎಂದು ಜನ ನೋಡುವ ಜಾಗದಲ್ಲಿ. ಮುದ್ರಣದ ತಪ್ಪೆಂದು ಎಫ್‌ಬಿಐ ಒಪ್ಪಿಕೊಂಡಿತು. ಸಂಚೇ ಮಾಡುವವರು ಇಷ್ಟು ಒರಟಾಗಿ ಮಾಡುತ್ತಾರೆಯೇ?

ಸುತ್ತುಬಳಸು ಸಾಕು. ನಿಮ್ಮ ಲೆಕ್ಕದಲ್ಲಿ ಒಟ್ಟು ಎಷ್ಟು ಸೆಕೆಂಡು?

ಎಂಟೂವರೆ. ಮೊದಲನೆಯದು 155ರ ಆಸುಪಾಸು, ತಪ್ಪಿತು. ಎರಡನೆಯದು 223–224, ಇಬ್ಬರಿಗೂ ತಗುಲಿತು. ಮೂರನೆಯದು 313. ಅಂತರ ಸುಮಾರು 3.8 ಮತ್ತು 4.9 ಸೆಕೆಂಡು, ಬೋಲ್ಟಿಗೆ ಧಾರಾಳ ಸಮಯ. ಇವುಗಳಲ್ಲಿ 313 ಕಂಡದ್ದು, 224 ಬಲವಾದ ಊಹೆ, 155 ಬರೀ ಊಹೆ. ಈ ಲೆಕ್ಕದಲ್ಲಿ ಎರಡನೆಯ ಅಂತರವೇ ದೊಡ್ಡದು, ಅಂದರೆ "ಕೊನೆಯ ಎರಡು ಒತ್ತೊತ್ತಾಗಿ" ಎಂದ ಸಾಕ್ಷಿಗಳ ಮಾತಿಗೆ ಇದು ಹೊಂದುವುದಿಲ್ಲ. ಅದು ನನ್ನ ಲೆಕ್ಕದ ಕಾಲಿಗೆ ಚುಚ್ಚಿಕೊಂಡಿರುವ ಮುಳ್ಳು. ಪ್ರತಿಧ್ವನಿ ಎಂದು ಹೇಳಿ ಕಿತ್ತುಹಾಕಲು ನೋಡಿದ್ದೇನೆ, ಪೂರ್ತಿ ಬಂದಿಲ್ಲ.

ನಾನೇ ಎಣಿಸಿ ನೋಡಬೇಕೆಂದಿದ್ದರೆ ಎಲ್ಲಿಂದ ಶುರುಮಾಡಲಿ?

ಫ್ರೇಮ್ ಸಂಖ್ಯೆ ನಮೂದಾಗಿರುವ ಪ್ರತಿಯನ್ನೇ ಹಿಡಿಯಿರಿ. ಇಂದಿನ ವಿಡಿಯೋಗಳು ಸೆಕೆಂಡಿಗೆ 24, 25 ಅಥವಾ 30 ಫ್ರೇಮಿನಲ್ಲಿ ಓಡುತ್ತವೆ. ಮೂಲದ ಫ್ರೇಮುಗಳನ್ನು ಒಂದಕ್ಕೊಂದರಂತೆ ಹಾಗೆಯೇ ಓಡಿಸಿದ್ದರೆ ನಿಮ್ಮ ಗಡಿಯಾರ ಶುರುವಿನಲ್ಲೇ ತಪ್ಪು. ನಿಧಾನಗೊಳಿಸಿದ ಪ್ರತಿಗಳಂತೂ ಎಣಿಕೆಗೆ ಬಾರವು. 313ನ್ನು ಮೊದಲು ನೋಡಬೇಡಿ. ಅದನ್ನು ನೋಡಿದ ಮೇಲೆ ಬೇರೇನೂ ಕಾಣುವುದಿಲ್ಲ. 133ರಿಂದ 200ರವರೆಗೆ ಕಾರಿನೊಳಗಿನ ಒಬ್ಬೊಬ್ಬರ ತಲೆಯನ್ನು ಬೇರೆ ಬೇರೆಯಾಗಿ ನೋಡಿ, ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಡಿ. ಮಾರನೆಯ ದಿನ ಆ ಕಾಗದ ನೋಡದೆ ಇನ್ನೊಮ್ಮೆ ಎಣಿಸಿ. ನನ್ನ ಎರಡು ದಿನದ ಪಟ್ಟಿಗಳ ನಡುವೆ ಒಂಬತ್ತು ಫ್ರೇಮುಗಳ ವ್ಯತ್ಯಾಸವಿತ್ತು.